ಬರುವಾಗ ಒಂದು ಪ್ಲೇಟು ತನ್ನಿ

ಸ್ಕ್ರೂಡ್ರೈವರು ಹಿಡಿಯವರೆಗೂ ಒಳಗೆ ಹೋಯಿತು.

“ನೋಡಿದ್ಯಾ? ಇದು ನೆಲ ಅಲ್ಲ, ಚಹಾದಲ್ಲಿ ಅದ್ದಿದ ಬಿಸ್ಕೆಟ್ಟು,” ಎಂದಳು ದಫಿನಾ. ಕಿತ್ತು ತೆಗೆದಾಗ ತೂತಿನ ಸುತ್ತ ತುಕ್ಕು ಪದರ ಪದರವಾಗಿ ಉದುರಿತು.

ಕಾರು ನಾಲ್ಕು ಕಬ್ಬಿಣದ ಗೂಟಗಳ ಮೇಲೆ ನಿಂತಿತ್ತು. ಅರವತ್ನಾಲ್ಕರ ಹೋಲ್ಡನ್. ಹೊರಗಿನಿಂದ ನೋಡಿದರೆ ಮದುವೆ ಗಂಡಿನ ಹಾಗೆ ಮಿರಮಿರ ಮಿಂಚುತ್ತಿತ್ತು. ಸೀಟು ಬಿಚ್ಚಿ, ಕಾರ್ಪೆಟ್ ಎಳೆದು, ಅದರಡಿಯ ಒದ್ದೆ ನಾರಿನ ಹಾಸು ಕಿತ್ತು ಹಾಕಿದ ಮೇಲೆ ಅದರ ನಿಜವಾದ ಬಣ್ಣ ಹೊರಬಿದ್ದಿತ್ತು. ಮುಂದಿನ ಗಾಜಿನ ಸಂದಿನಿಂದ ವರ್ಷಾನುಗಟ್ಟಲೆ ಮಳೆನೀರು ಇಳಿದಿದೆ. ಸಮುದ್ರದ ಉಪ್ಪುಗಾಳಿ ಉಳಿದ ಕೆಲಸ ಮುಗಿಸಿದೆ.

ಬಾಗಿಲ ಬಳಿ ಬೆರಿಲ್ ಟ್ರೆವೆನಾ ಚಹಾ ಮಗ್ ಹಿಡಿದು ನಿಂತಿದ್ದಳು. ಪೊಲೀಸ್ ಕೆಲಸದಲ್ಲಿದ್ದಾಗ ಮೇಲಿನವರ ಮುಖಕ್ಕೆ ಹೊಡೆದ ಹಾಗೆ ಮಾತಾಡಿ, ರಾಜೀನಾಮೆ ಎಸೆದು ಬಂದು, ಈಗ ಖಾಸಗಿಯಾಗಿ ಪತ್ತೇದಾರಿ ಮಾಡುವವಳು. ಐವತ್ತು ದಾಟಿದರೂ ಸಿಟ್ಟು ಇಳಿದಿರಲಿಲ್ಲ.

“ಪೂರ್ತಿ ಬಿಚ್ಚು ಹುಡುಗಿ. ಆ ಮನುಷ್ಯ ಕೂತು ಓಡಾಡಿದ ಕಾರು ಇದು. ಸೀಟಿನಡಿ ಒಂದು ಅಂಗಿ ಗುಂಡಿ ಸಿಕ್ಕಿದರೂ ನನಗೆ ಬೇಕು.”

ಆ ಮನುಷ್ಯ ಅಂದರೆ ಕ್ಲೆಮ್ ಪರ್ಸೆಲ್. ಇಪ್ಪತ್ತೆರಡು ವರ್ಷದ ಹಿಂದೆ, ವಿಂಡಾಲದಲ್ಲಿ ಊರಿನವರೆಲ್ಲ ಸೇರುವ ಹಾಲ್ ಹಿಂದೆ ಕಾವಲುಗಾರ ಆರ್ಥರ್ ಗ್ರಿಬಲ್ ತಲೆ ಒಡೆದು ಸತ್ತು ಬಿದ್ದಿದ್ದ. ‘ರಿಸ್ಟೋ ಕಬ್ಬಿಣದ ಪ್ಲೇಟನ್ನು ಬಂಡೆ ಮೇಲಿಂದ ಸಮುದ್ರಕ್ಕೆ ಎಸೆದದ್ದನ್ನು ನಾನು ಕಣ್ಣಾರೆ ನೋಡಿದೆ’ ಎಂದು ಕೋರ್ಟಿನಲ್ಲಿ ಪ್ರಮಾಣ ಮಾಡಿ ಹೇಳಿದವನು ಇದೇ ಕ್ಲೆಮ್. ಆ ಒಂದು ಮಾತಿಗೆ ದಫಿನಾಳ ಅಪ್ಪ ರಿಸ್ಟೋ ನಾಸ್ಟೆವ್ಸ್ಕಿ ಹದಿಮೂರು ವರ್ಷ ಜೈಲಿನಲ್ಲಿ ಕೊಳೆತು ಬಂದ.

ಈಗ ಆ ಕ್ಲೆಮ್‌ನ ಕಾರು ತಾನಾಗಿಯೇ ಬಂದು ದಫಿನಾಳ ಕೈಗೆ ಬಿದ್ದಿತ್ತು. ಹಾಲ್‌ಗೆ ನೂರು ವರ್ಷ ತುಂಬಿದ್ದಕ್ಕೆ ಲಾಟರಿ ಬಹುಮಾನವಾಗಿ ಇಡಲು ಕಮಿಟಿಯವರು ಅದನ್ನು ಕೇಳಿ ಪಡೆದು, ದುರಸ್ತಿಗೆಂದು ಎತ್ತಿಕೊಂಡು ಬಂದಿದ್ದರು. ಸೊಂಟದ ಆಪರೇಷನ್ ಆಗಿ ಕ್ಲೆಮ್ ಆಸ್ಪತ್ರೆಯಲ್ಲಿ ಮಲಗಿದ್ದಾಗ ಕಾರಿನ ಕೀ ಕೊಟ್ಟವಳು ಅವನ ಅಣ್ಣನ ಮಗಳು. ಪಕ್ಕದ ಊರಿನ ‘ಬ್ರಿಗ್ಸ್ ಬಾಡಿ ವರ್ಕ್ಸ್’ ಮಾಲೀಕಳು ರಿಸ್ಟೋನ ಮಗಳೆಂದು ಕಮಿಟಿಯಲ್ಲಿ ಒಬ್ಬರಿಗೂ ಗೊತ್ತಿರಲಿಲ್ಲ. ಬ್ರಿಗ್ಸ್ ಅವಳ ಗಂಡನ ಮನೆ ಹೆಸರು.

ದಫಿನಾ ಮೂಗುಬಾಯಿಗೆ ಮುಖವಸ್ತ್ರ ಕಟ್ಟಿಕೊಂಡು, ಸುತ್ತಿಗೆ ತೆಗೆದುಕೊಂಡು ನೆಲವನ್ನು ತಟ್ಟುತ್ತಾ ಬಂದಳು. ಡ್ರೈವರ್ ಕಡೆ ಡಬ್ ಡಬ್ ಎಂದು ಸತ್ತ ಸದ್ದು. ನಡುವೆ ಸ್ವಲ್ಪ ಗಟ್ಟಿ. ಎಡಗಡೆ, ಜೊತೆಯವರು ಕೂರುವ ಕಡೆ ಸುತ್ತಿಗೆ ಬಿತ್ತು.

ಠಣ್.

ಬೆರಿಲ್ ಒಂದು ಹೆಜ್ಜೆ ಮುಂದೆ ಬಂದಳು.

“ಇನ್ನೊಂದ್ಸಲ ಹೊಡಿ,” ಎಂದಳು ಬೆರಿಲ್.

ಠಣ್. ಗಂಟೆ ಹೊಡೆದ ಹಾಗೆ.

“ಕಾರಿನ ನೆಲ ಹೀಗೆ ಮಾತಾಡಲ್ಲ,” ಎಂದು ದಫಿನಾ ಮೊಣಕಾಲೂರಿದಳು. ಟಾರಿನ ಪದರವನ್ನು ಉಳಿಯಿಂದ ಎಬ್ಬಿಸಿದಳು. ಕೆಳಗೆ ಕಬ್ಬಿಣದ ಒಂದು ಅಂಚು ಕಂಡಿತು. ಬೆರಳಿಟ್ಟು ಅಳೆದವಳೇ ಬೈಗುಳ ಶುರು ಮಾಡಿದಳು.

“ಯಾವನವನು ಕತ್ತೆ! ಐದು ಮಿಲಿ ದಪ್ಪ ಇದೆ! ನೆಲದ ತಗಡು ಒಂದು ಮಿಲಿ ಇದ್ರೆ ಹೆಚ್ಚು. ಹೋದ ಭಾಗ ಕತ್ತರಿಸಬೇಕು, ಬೆಳ್ಳಗೆ ಹೊಳೆಯೋ ತಗಡು ಸಿಗೋವರೆಗೂ ಕತ್ತರಿಸಬೇಕು. ರಟ್ಟು ಇಟ್ಟು ಆಕಾರ ತಗೋಬೇಕು. ಅಷ್ಟೇ ದಪ್ಪದ ಹೊಸ ತಗಡು ಕೂರಿಸಿ, ಅಲ್ಲೊಂದು ಇಲ್ಲೊಂದು ಚುಕ್ಕಿ ಬೆಸುಗೆ ಹಾಕ್ತಾ ಬರಬೇಕು. ಇವನು ಸೇತುವೆ ಕಟ್ಟಿದ್ದಾನೆ ಮಾರಾಯ್ತಿ!”

“ಬೆಸುಗೆ ಹಾಕಿದ್ದಾನಾ?”

“ಇಲ್ಲ. ಇಷ್ಟು ದಪ್ಪಕ್ಕೆ ಬೆಸುಗೆ ಹಾಕೋಕೆ ಹೋದ್ರೆ ಪಕ್ಕದ ತಗಡು ಕರಗಿ ಓಡ್ಹೋಗುತ್ತೆ. ಬೋಲ್ಟು ಹಾಕಿದ್ದಾನೆ.” ಅವಳು ಟಾರು ಕೆರೆಯುತ್ತಾ ಹೋದಳು. ಕೆರೆದಂತೆಲ್ಲ ಬೈಗುಳ ಕಮ್ಮಿಯಾಯಿತು. “ಬೆರಿಲ್, ಇಲ್ಲಿ ಬಾ. ಬೋಲ್ಟಿನ ತಲೆಯ ಗೀರು ನೋಡು. ಎಲ್ಲಾ ಒಂದೇ ದಿಕ್ಕಿಗಿವೆ. ಅಂಚಿಗೆಲ್ಲ ತುಕ್ಕು ತಡೆಯೋ ಕೆಂಪು ಸೀಸದ ಬಣ್ಣ ಬಳಿದಿದ್ದಾನೆ. ತುಕ್ಕು ಹಿಡಿದ ಬಾಯನ್ನ ಮೊದಲು ಕತ್ತರಿಸಿ, ಅರ ಹಾಕಿ, ಆಮೇಲೆ ಮುಚ್ಚಿದ್ದಾನೆ.”

“ಅಂದ್ರೆ?”

“ಅಂದ್ರೆ ಕೆಲಸ ಬರದವನು ಮಾಡಿದ್ದಲ್ಲ. ಚೆನ್ನಾಗಿ ಬರೋನೇ ಮಾಡಿದ್ದು. ಇದು ತಪ್ಪು ಅಂತ ಗೊತ್ತಿದ್ದೂ ಮಾಡಿದ್ದಾನೆ. ಅವನಿಗೆ ನೆಲ ರಿಪೇರಿ ಆಗಬೇಕಾಗಿರಲಿಲ್ಲ. ಈ ಕಬ್ಬಿಣ ಇಲ್ಲಿರಬೇಕಾಗಿತ್ತು.”

ಬೆರಿಲ್ ಮಗ್ಗನ್ನು ಬೆಂಚಿನ ಮೇಲಿಟ್ಟಳು.

ಬೋಲ್ಟುಗಳಿಗೆ ಎಣ್ಣೆ ಬಿಟ್ಟು, ಒಂದೊಂದನ್ನೂ ಬೆದರಿಸಿ ಬಿಚ್ಚಬೇಕಾಯಿತು. ಎರಡಂತೂ ಜಗ್ಗಲೇ ಇಲ್ಲ, ತಲೆ ಕೊಯ್ಯಬೇಕಾಯಿತು. ಕೊನೆಗೆ ಇಬ್ಬರೂ ಬಟ್ಟೆ ಸುತ್ತಿ ಹಿಡಿದು ಎತ್ತಿದರು. ದೊಡ್ಡ ತಟ್ಟೆಯಷ್ಟಗಲದ ಚೌಕದ ಪ್ಲೇಟು. ಮೂಲೆಗಳನ್ನು ಉರುಟು ಮಾಡಿತ್ತು. ಎರಡು ಪಕ್ಕದಲ್ಲಿ ಹಿಡಿಗಾಗಿ ಕಿವಿ. ಒಂದು ಅಂಚಿನಲ್ಲಿ ಉದ್ದನೆಯ ಸೀಳು.

“ಕೊಬ್ಬು ಸೋರೋಕೆ,” ಎಂದಳು ದಫಿನಾ. ಅವಳ ದನಿ ಸಣ್ಣಗಾಗಿತ್ತು. “ಇದು ಮಾಂಸ ಸುಡೋ ಪ್ಲೇಟು. ಬಾರ್ಬೆಕ್ಯೂ ಪ್ಲೇಟು.”

“ಮಗುಚು.”

ಮಗುಚಿದರು. ದಫಿನಾ ಚಿಂದಿಗೆ ಸೀಮೆಎಣ್ಣೆ ಹಾಕಿ ಟಾರು ಒರೆಸಿದಳು. ಬೆಸುಗೆ ಕಡ್ಡಿಯಿಂದ ಉಬ್ಬು ಉಬ್ಬಾಗಿ ಬರೆದ ಅಕ್ಷರಗಳು ಒಂದೊಂದಾಗಿ ಎದ್ದವು. ಇಂಗ್ಲಿಷ್ ಅಲ್ಲ. ಬೆರಿಲ್‌ಗೆ ಒಂದಕ್ಷರವೂ ಓದಲು ಬರಲಿಲ್ಲ.

ದಫಿನಾ ಓದಿದಳು. “ಪೊವೆಲೇತೆ.”

“ಹಾಗಂದ್ರೆ?”

“ಬನ್ನಿ, ಕೂತ್ಕೊಳ್ಳಿ, ತಿನ್ನಿ ಅಂತ. ನಮ್ಮ ಮಾಸಿಡೋನಿಯಾದವರು ಮನೆಗೆ ಬಂದವರಿಗೆ ಹೇಳೋದು.” ಅವಳು ಅಂಗೈಯನ್ನು ಆ ಅಕ್ಷರಗಳ ಮೇಲಿಟ್ಟಳು. “ಅಪ್ಪ ಯಾರಿಗೆ ಏನು ಮಾಡಿಕೊಟ್ಟರೂ ತಳದಲ್ಲಿ ಇದನ್ನ ಬರೀತಾನೆ. ನನ್ನ ಮದುವೇಲಿ ಕೊಟ್ಟ ಟ್ರೇ ತಳದಲ್ಲೂ ಇದೆ. ಇದೇ ಕೈ. ಇದೇ ಬಾಲ ಎಳೆದ ‘ಪ’.”

ಬೆರಿಲ್‌ಗೆ ಮೈಯೆಲ್ಲ ಉರಿದು ಹೋಯಿತು.

ಉರಿಯದೆ ಏನು ಮಾಡುತ್ತದೆ? ಆ ಕಡೆ ಹಾಲ್‌ನಲ್ಲಿ ಕುಣಿತವಿರಲಿ, ಹಬ್ಬವಿರಲಿ, ಕರೆಯುವವರು ಹೇಳುವ ಮಾತು ಒಂದೇ. ‘ಶನಿವಾರ ಆರು ಗಂಟೆಗೆ. ಬರುವಾಗ ಒಂದು ಪ್ಲೇಟು ತನ್ನಿ.’ ಹಾಗೆಂದರೆ ಮನೆಯಲ್ಲಿ ಏನಾದರೂ ತಿಂಡಿ ಮಾಡಿ, ತಟ್ಟೆಯಲ್ಲಿಟ್ಟು ತನ್ನಿ ಎಂದು ಅರ್ಥ. ಅಲ್ಲಿ ಹುಟ್ಟಿದವರಿಗೆ ಬಿಡಿಸಿ ಹೇಳಬೇಕಾಗಿಲ್ಲ. ಹೊರಗಿನಿಂದ ಬಂದವರಿಗೆ ಬಿಡಿಸಿ ಹೇಳುವಷ್ಟು ಸೌಜನ್ಯ ಯಾರಿಗೂ ಇರಲಿಲ್ಲ.

ಹಾಲ್ ಕಾರ್ಯದರ್ಶಿ ನೊರೀನ್ ಹ್ಯಾಡೋ ಆ ವಾರ ರಿಸ್ಟೋನ ಮನೆಗೂ ಫೋನ್ ಮಾಡಿದ್ದಳು. ಹೆಂಡತಿ ಸ್ಟೋಯ್ನಾಗೆ ಇಂಗ್ಲಿಷ್ ಬಾರದೆಂದು ರಿಸ್ಟೋನೇ ಫೋನ್ ತೆಗೆದುಕೊಂಡಿದ್ದ. ಅವನು ಉಕ್ಕಿನ ಕಾರ್ಖಾನೆಯಲ್ಲಿ ಬೆಸುಗೆ ಕೆಲಸ ಮಾಡುವವನು. ಪ್ಲೇಟು ಎಂದರೆ ಅವನಿಗೆ ಒಂದೇ ಅರ್ಥ, ದಪ್ಪ ಉಕ್ಕಿನ ತಗಡು. ಹಾಲ್‌ನ ಬಾರ್ಬೆಕ್ಯೂ ಪ್ಲೇಟು ಬಿರುಕು ಬಿಟ್ಟಿದ್ದನ್ನು ಹಿಂದಿನ ಸಲ ಅವನೇ ನೋಡಿದ್ದ ಬೇರೆ. ‘ಪರವಾಗಿಲ್ಲ, ಹೊಸಬನಾದರೂ ನನ್ನ ಕೈಕೆಲಸ ಕೇಳುತ್ತಿದ್ದಾರೆ’ ಎಂದು ಹಿಗ್ಗಿ, ಒಂದು ತುಂಡು ಉಕ್ಕು ಕೊಂಡು, ವಾರವೆಲ್ಲ ಅರ ಹಾಕಿ ಮಾಡಿದ. ಹೊಸ ಶರ್ಟು ಹಾಕಿ ಅದನ್ನು ಕಂಕುಳಲ್ಲಿಟ್ಟುಕೊಂಡು ಹಾಲ್‌ಗೆ ಹೋದ. ಬಾಗಿಲಲ್ಲೇ ಎಲ್ಲರೂ ಹೊಟ್ಟೆ ಹಿಡಿದುಕೊಂಡು ನಕ್ಕರು.

ಅದೇ ಜನ ಕೆಲವು ತಿಂಗಳಾದ ಮೇಲೆ ಕೋರ್ಟಿನಲ್ಲಿ ‘ಅವನು ಕೈಯಲ್ಲಿ ಕಬ್ಬಿಣ ಹಿಡಿದೇ ಬಂದಿದ್ದ’ ಎಂದು ಸಾಕ್ಷಿ ಹೇಳಿದರು. ನೊರೀನ್‌ಳನ್ನು ಸರ್ಕಾರಿ ವಕೀಲ ಕೇಳಿದ್ದು, ‘ನೀವು ಈತನಿಗೆ ಉಕ್ಕಿನ ತುಂಡು ತರಲು ಹೇಳಿದ್ದಿರಾ?’ ಎಂದು. ‘ಇಲ್ಲ’ ಎಂದಳು. ಫೋನಿನಲ್ಲಿ ಏನು ಹೇಳಿದಿರಿ ಎಂದು ಯಾರೂ ಕೇಳಲಿಲ್ಲ. ಅವಳೂ ಹೇಳಲಿಲ್ಲ. ‘ಪ್ಲೇಟು ತನ್ನಿ ಅಂದರು, ತಂದೆ’ ಎಂದು ರಿಸ್ಟೋ ತೊದಲಿದಾಗ ಕೋರ್ಟು ಇನ್ನೊಂದು ಸಲ ನಕ್ಕಿತು. ‘ಹಾಗಾದರೆ ಆ ಪ್ಲೇಟು ಈಗೆಲ್ಲಿದೆ?’ ಎಂದಾಗ ಅವನು ಬಾಯಿ ಬಿಡಲಿಲ್ಲ. ಆಗ ಕ್ಲೆಮ್ ಎದ್ದು ನಿಂತು ಸಮುದ್ರದ ಕಥೆ ಹೇಳಿದ.

ಸಮುದ್ರದಲ್ಲಿರಬೇಕಾದ ಪ್ಲೇಟು ಈಗ ಇಲ್ಲಿದೆ. ಕ್ಲೆಮ್‌ನ ಕಾರಿನ ನೆಲದಲ್ಲಿ.

“ಇದನ್ನು ಮುಟ್ಟಬೇಡ,” ಎಂದಳು ಬೆರಿಲ್. “ನಾವು ಹಿಡಿದ ವಕೀಲರು ಏನಂದಿದ್ರು? ಆ ಪ್ಲೇಟು ತನ್ನಿ, ಕೇಸು ಮತ್ತೆ ತೆಗೆಸ್ತೀನಿ ಅಂದಿದ್ರು. ಈ ಅಕ್ಷರ ಇದ್ದರೆ ಇದು ರಿಸ್ಟೋನ ಪ್ಲೇಟು. ಅಕ್ಷರ ಇಲ್ಲದಿದ್ದರೆ ಗುಜರಿ. ನನ್ನ ಕಾರಲ್ಲಿ ಕ್ಯಾಮರಾ ಇದೆ, ತರ್ತೀನಿ.”

“ಬೆರಿಲ್.” ದಫಿನಾಳ ಕಣ್ಣು ತುಂಬಿತ್ತು, ಆದರೆ ನಗುತ್ತಿದ್ದಳು. “ಅಪ್ಪ ಇವತ್ತಿಗೂ ಪೇಟೆಗೆ ಹೋಗಲ್ಲ ಗೊತ್ತಾ? ಜನ ದಾರಿ ಬಿಟ್ಟು ನಿಲ್ತಾರಂತೆ. ಇನ್ನು ನಿಲ್ಲಲ್ಲ ಅಲ್ವಾ?”

“ಯಾವನು ನಿಲ್ತಾನೋ ನಾನು ನೋಡ್ತೀನಿ.”

ಕ್ಯಾಮರಾ ತರಲು ಹೊರಟ ಬೆರಿಲ್ ಇನ್ನೂ ಬಾಗಿಲು ದಾಟಿರಲಿಲ್ಲ. ಅಷ್ಟರಲ್ಲಿ ಹೊರಗೆ ಟ್ಯಾಕ್ಸಿ ನಿಂತಿತು. ಊರುಗೋಲು ಊರಿಕೊಂಡು ಒಬ್ಬ ಇಳಿದ. ಎತ್ತರದ ಆಳು. ಮುಖವೆಲ್ಲ ಬೆವರು.

“ಯಾರು ನನ್ನ ಕಾರಿಗೆ ಕೈ ಹಾಕಿದ್ದು?” ಎಂದು ಬಾಗಿಲಿನಿಂದಲೇ ಗುಡುಗಿದ. “ಮೇಲೆ ಪಾಲಿಶ್ ಹಾಕಿ ಬಿಡಿ, ಒಳಗೆ ಮುಟ್ಟಬೇಡಿ ಅಂತ ಹೇಳಿ ಕಳಿಸಿದ್ನಲ್ಲ! ಆ ಕಮಿಟಿಯವರಿಗೆ ಕಿವಿ ಇಲ್ವಾ?”

“ಬನ್ನಿ ಪರ್ಸೆಲ್ ಅವರೇ,” ಎಂದಳು ಬೆರಿಲ್. “ನಿಮ್ಮ ಮನೆಗೇ ಬರೋಣ ಅಂತಿದ್ವಿ. ನೀವೇ ಬಂದ್ರಿ.”

“ನೀನ್ಯಾರು?”

“ಬೆರಿಲ್ ಟ್ರೆವೆನಾ. ಪತ್ತೇದಾರಿ ಮಾಡ್ತೀನಿ. ಕೂತ್ಕೊಳ್ಳಿ, ಸೊಂಟ ಹೊಸದು ಪಾಪ.”

“ನಿನ್ನ ಪಾಪ ನಿನ್ನ ಹತ್ರ ಇಟ್ಕೋ. ಚಿನ್ನ,” ಎಂದು ಅವನು ದಫಿನಾಳ ಕಡೆ ತಿರುಗಿದ, “ಆ ಸೀಟು ಕಾರ್ಪೆಟ್ ಎಲ್ಲ ಮೊದಲಿದ್ದ ಹಾಗೆ ಹಾಕಿಬಿಡು. ಖರ್ಚು ನಾನು ಕೊಡ್ತೀನಿ. ಹೆಣ್ಣುಮಕ್ಕಳ ಕೈಲಿ ಇಂಥ ಕೆಲಸ ಕೊಡಬಾರದು ಅಂತ ನಾನು ಯಾವತ್ತೂ—”

ಮಾತು ಅರ್ಧದಲ್ಲಿ ನಿಂತಿತು. ಬೆಂಚಿನ ಮೇಲಿದ್ದ ಪ್ಲೇಟು ಅವನ ಕಣ್ಣಿಗೆ ಬಿದ್ದಿತ್ತು.

ಅವನು ನಿಧಾನವಾಗಿ ಟೈರುಗಳ ರಾಶಿಯ ಮೇಲೆ ಕುಸಿದು ಕೂತ.

“ಗುರುತು ಸಿಕ್ಕಿತಾ?” ಎಂದಳು ಬೆರಿಲ್. “ಮೈಮೇಲೆ ಚಿಪ್ಪು, ಪಾಚಿ ಏನೂ ಅಂಟಿಲ್ಲ ನೋಡಿ. ಇಪ್ಪತ್ತೆರಡು ವರ್ಷ ಸಮುದ್ರದ ತಳದಲ್ಲಿದ್ದ ಪ್ಲೇಟು ಇಷ್ಟು ಒಣಗಿರುತ್ತಾ?”

“ಅದು ಯಾವುದೋ ಹಳೇ ಕಬ್ಬಿಣ. ನಾನು ಕಾರು ಕೊಂಡಾಗಲೇ ಇತ್ತು.”

“ಕಾರು ಕೊಂಡಿದ್ದು ಹೊಸದಾಗಿ. ಊರಿಗೆಲ್ಲ ನೀವೇ ಹೇಳ್ಕೊಂಡು ತಿರುಗಿದ್ದೀರಿ. ಹೊಸ ಕಾರಿಗೆ ಯಾರಾದರೂ ಬಾರ್ಬೆಕ್ಯೂ ಪ್ಲೇಟು ಹಾಕಿ ಮಾರ್ತಾರಾ?”

ಅವನು ಊರುಗೋಲಿನ ತುದಿ ನೋಡುತ್ತಾ ಕೂತ.

ಇಲ್ಲಿಗೆ ಬೆರಿಲ್‌ಳ ತಾಳ್ಮೆ ಮುಗಿಯಿತು. ‘ನೀವು’ ಹೋಗಿ ‘ನೀನು’ ಬಂತು.

“ಮಾತಾಡಯ್ಯ! ಕೋರ್ಟಿನಲ್ಲಿ ಚೆನ್ನಾಗಿ ಮಾತಾಡಿದ್ದೆಯಲ್ಲ! ಬೆಳದಿಂಗಳಿತ್ತು ಅಂದೆ. ಬಂಡೆ ತುದಿಯಲ್ಲಿ ನಿಂತಿದ್ದ ಅಂದೆ. ಎಸೆದ ಸದ್ದು ಕೇಳಿಸ್ತು ಅಂತಲೂ ಅಂದೆ. ಆ ಸದ್ದು ನಿನ್ನ ಕಾಲಡಿ ಇತ್ತಲ್ಲೋ! ಇಷ್ಟು ವರ್ಷ ಅದರ ಪಕ್ಕದಲ್ಲೇ ಕೂತು ಚರ್ಚಿಗೆ ಹೋದೆಯಲ್ಲ, ಮೀನು ಹಿಡಿಯೋಕೆ ಹೋದೆಯಲ್ಲ, ಅನ್ನ ಹೇಗೆ ಇಳೀತು ಗಂಟಲಲ್ಲಿ?”

“ಅರಚಬೇಡ.”

“ಅರಚ್ತೀನಿ! ಆವತ್ತು ಆ ಹಾಲ್‌ನಲ್ಲಿದ್ದವರಲ್ಲಿ ಒಬ್ಬರಾದರೂ ಅರಚಿದ್ದರೆ ಇವತ್ತು ನಾನು ಅರಚಬೇಕಾಗಿರಲಿಲ್ಲ. ಮೇಜಿನ ತುಂಬ ಪ್ಲೇಟು ಇತ್ತು. ಕೇಕಿನ ಪ್ಲೇಟು, ಸ್ಯಾಂಡ್‌ವಿಚ್ಚಿನ ಪ್ಲೇಟು. ಪ್ರತಿ ಹೆಂಗಸಿಗೂ ಗೊತ್ತಿತ್ತು ಆ ಬಡಪಾಯಿ ಯಾಕೆ ಪ್ಲೇಟು ತಂದ ಅಂತ. ಅದಕ್ಕೇ ನಕ್ಕಿದ್ದು. ನಗೋದಕ್ಕೆ ಅರ್ಥ ಆಗಿತ್ತು, ಸಾಕ್ಷಿ ಹೇಳೋವಾಗ ಅರ್ಥ ಆಗಲಿಲ್ಲ! ಹಡಗಿಳಿದು ಆಗ ಮೂರೇ ವರ್ಷ ಆಗಿದ್ದವನು, ಭಾಷೆ ಬರದವನು, ಅವನನ್ನ ಬಲಿ ಕೊಟ್ಟರೆ ಕೇಳೋರಿಲ್ಲ ಅಂತ ತಾನೆ? ಆರ್ಥರ್‌ನ ಹೊಡೆದದ್ದು ನೀನು. ಪ್ಲೇಟು ಬಚ್ಚಿಟ್ಟದ್ದು ನೀನು. ಸುಳ್ಳು ಹೇಳಿದ್ದೂ ನೀನು.”

ಕ್ಲೆಮ್ ತಲೆ ಎತ್ತಿದ. ವಿಚಿತ್ರವೆಂದರೆ ಅವನ ಮುಖದಲ್ಲಿ ಈಗ ಹೆದರಿಕೆ ಇರಲಿಲ್ಲ. ಅವನಿಗೂ ಸಿಟ್ಟು ಬಂದಿತ್ತು.

“ಸುಳ್ಳು ಹೇಳಿದ್ದು ನಾನು. ಅದೊಂದು ನಿಜ. ಎಸೆದದ್ದನ್ನ ನಾನು ನೋಡಲಿಲ್ಲ. ಉಳಿದದ್ದನ್ನ ನನ್ನ ತಲೆಗೆ ಕಟ್ಟಬೇಡ. ನನಗೆ ಬೋಲ್ಟು ಹಾಕೋಕೆ ಬರುತ್ತಾ? ನಾನು ಬೆಣ್ಣೆ ಮಾರಿದವನು. ಆ ಬೋಲ್ಟಿನ ತೂತುಗಳ ಸಾಲು ನೋಡು. ಅದು ಯಾರ ಕೈ?”

ಬೆರಿಲ್ ಪ್ಲೇಟಿನ ಕಡೆ ತಿರುಗಿದಳು. ಒಂದೇ ದಿಕ್ಕಿಗೆ ನಿಂತಿದ್ದ ಆ ಗೀರುಗಳನ್ನು ದಫಿನಾ ತೋರಿಸಿದಾಗಿನಿಂದ ತಲೆಯಲ್ಲಿ ಏನೋ ಕೊರೆಯುತ್ತಲೇ ಇತ್ತು. ಸಂತೋಷದಲ್ಲಿ ಅದನ್ನು ಪಕ್ಕಕ್ಕೆ ತಳ್ಳಿದ್ದಳು.

“ರಿಸ್ಟೋನೇ ಬಂದು ಹಾಕಿದ,” ಎಂದ ಕ್ಲೆಮ್. “ಮಾರನೇ ದಿನ ಬೆಳಿಗ್ಗೆ, ಪೊಲೀಸರು ಬರೋಕೆ ಮುಂಚೆ. ಪ್ಲೇಟು ಹಿಡ್ಕೊಂಡು ನನ್ನ ಶೆಡ್ಡಿಗೆ ಬಂದ. ಎಡಗಡೆ ನೆಲದಲ್ಲಿ ತೂತಿತ್ತು, ಅವನೇ ರಿಪೇರಿ ಮಾಡಿಕೊಡ್ತೀನಿ ಅಂದಿದ್ದ ಮೊದಲೇ. ಮಾಡಿದ. ಆಮೇಲೆ ನೆಲದ ಮೇಲೆ ಮಂಡಿಯೂರಿ ಕೂತು ನನ್ನ ಕೈ ಹಿಡ್ಕೊಂಡ. ‘ಸಮುದ್ರಕ್ಕೆ ಎಸೆದ ಅಂತ ಹೇಳು ಕ್ಲೆಮ್. ಇಲ್ಲಾಂದ್ರೆ ಹುಡುಕ್ತಾರೆ. ಹುಡುಕಬಾರದು’ ಅಂದ. ನಾನು ಬೇಡ ಅಂದೆ. ನೀನು ಜೈಲಿಗೆ ಹೋಗ್ತೀಯ ಅಂದೆ. ‘ನಾನು ಹೋಗ್ತೀನಿ’ ಅಂದ.”

“ಸುಳ್ಳು,” ಎಂದಳು ದಫಿನಾ.

ದೂಳಿಗೆಂದು ಕಟ್ಟಿದ್ದ ಮುಖವಸ್ತ್ರವನ್ನು ಈಗ ಕೆಳಗೆಳೆದಳು.

ಕ್ಲೆಮ್ ಅವಳನ್ನು ನೋಡಿದ. ನೋಡುತ್ತಲೇ ಉಳಿದ.

“ಅಯ್ಯೋ ದೇವರೇ. ನೀನು ಸ್ಟೋಯ್ನಾಳ ಮಗಳು.”

“ನಮ್ಮಮ್ಮನ ಹೆಸರು ನಿನ್ನ ಬಾಯಲ್ಲಿ ಬರಬಾರದು.”

“ಬರಬಾರದು ಅಂತಲೇ ಇಷ್ಟು ವರ್ಷ ಬಾಯಿ ಮುಚ್ಕೊಂಡಿದ್ದೆ ಮಗಳೇ. ಅವಳು ಬದುಕಿರೋವರೆಗೂ ಅಂತ ಮಾತು ಕೊಟ್ಟಿದ್ದೆ. ಹೋದ ಚಳಿಗಾಲದಲ್ಲಿ ಹೋದಳು ಅಂತ ಕೇಳಿದೆ.”

“ಎಷ್ಟು ಅನುಕೂಲ ಅಲ್ವಾ?” ಬೆರಿಲ್ ನಡುವೆ ಬಂದಳು. “ಸತ್ತವಳು ಎದ್ದು ಬಂದು ಉತ್ತರ ಕೊಡಲ್ಲ. ಮೊದಲು ಭಾಷೆ ಬರದವನ ಮೇಲೆ ಹಾಕಿದೆ. ಈಗ ಹೆಣದ ಮೇಲೆ ಹಾಕ್ತಿದ್ದೀಯ. ಒಂದು ಸಲ ದೇವರ ಪುಸ್ತಕದ ಮೇಲೆ ಕೈಯಿಟ್ಟು ಸುಳ್ಳು ಹೇಳಿದವನ ಮಾತು ನಾವ್ಯಾಕೆ ನಂಬಬೇಕು?”

“ನಂಬಬೇಡ. ಅವಳನ್ನ ಕೇಳು.” ಅವನು ಬೆರಿಲ್‌ಳನ್ನು ನೋಡಲೇ ಇಲ್ಲ. “ನಿಮ್ಮಪ್ಪನ ಪ್ಲೇಟಿಗೆ ಹಾಲ್‌ನವರು ನಕ್ಕರಲ್ಲ, ಅವನು ನಾಚಿಕೆಯಿಂದ ಅದನ್ನ ಹಿಂದಿನ ಬಾಗಿಲ ಹತ್ರ ಒರಗಿಸಿ, ಸಿಗರೇಟು ಸೇದೋಕೆ ಬೀಚಿನ ಕಡೆ ಹೋದ. ಅದನ್ನ ಮನೆಗೆ ತಗೊಂಡು ಹೋಗೋಣ ಅಂತ ಸ್ಟೋಯ್ನಾ ಹಿಂದಕ್ಕೆ ಹೋದಳು. ಆರ್ಥರ್ ಅಲ್ಲಿದ್ದ. ಕುಡಿದಿದ್ದ. ಮುಂದೆ ಏನಾಯ್ತೋ ನನಗೆ ಗೊತ್ತಿಲ್ಲ, ನಾನು ಹೇಳೋದೂ ಇಲ್ಲ. ನಾನು ಹೋದಾಗ ಆರ್ಥರ್ ಬಿದ್ದಿದ್ದ. ಅವಳು ಎರಡು ಕೈಲೂ ಪ್ಲೇಟು ಹಿಡ್ಕೊಂಡು ನಿಂತಿದ್ದಳು. ಅವಳ ಅಂಗಿಯ ತೋಳು ಹರಿದಿತ್ತು.”

“ಸುಳ್ಳು.”

“ಆ ಕೊಬ್ಬು ಸೋರೋ ಸೀಳಿನ ಒಳಗಡೆ ನಿಮ್ಮಪ್ಪ ಅರ ಹಾಕಿರಲಿಲ್ಲ. ಕತ್ತಿ ಹಾಗಿತ್ತು. ಅವಳ ಬಲಗೈ ಅಂಗೈ ಈ ತುದಿಯಿಂದ ಆ ತುದಿವರೆಗೂ ಸೀಳಿ ಹೋಗಿತ್ತು. ನನ್ನ ಕರ್ಚೀಫೇ ಕಟ್ಟಿದೆ. ಎಡಗಡೆ ಸೀಟಲ್ಲಿ ಕೂರಿಸ್ಕೊಂಡು ಮನೆಗೆ ಬಿಟ್ಟೆ. ಈ ಪ್ಲೇಟನ್ನ ತೊಡೆ ಮೇಲಿಂದ ಬಿಡಲೇ ಇಲ್ಲ, ಮಗು ಹಿಡ್ಕೊಂಡ ಹಾಗೆ.”

ಸೀಮೆಎಣ್ಣೆ ಚಿಂದಿ ಬೆಂಚಿನಿಂದ ಜಾರಿ ಕೆಳಗೆ ಬಿತ್ತು.

“ದಫಿನಾ?” ಎಂದಳು ಬೆರಿಲ್.

ದಫಿನಾ ತನ್ನ ಬಲಗೈಯನ್ನು ನೋಡಿಕೊಳ್ಳುತ್ತಿದ್ದಳು. ಅದರಲ್ಲಿ ಏನೂ ಇರಲಿಲ್ಲ, ಗ್ರೀಸು ಬಿಟ್ಟರೆ.

“ಎಲೆಕೋಸು ಹೆಚ್ಚೋವಾಗ ಚಾಕು ಜಾರಿತು ಅಂತಿದ್ದಳು,” ಎಂದಳು ಮೆಲ್ಲಗೆ. “ಕಿರುಬೆರಳು ಮಡಿಸೋಕೆ ಆಗ್ತಿರಲಿಲ್ಲ ಅಮ್ಮನಿಗೆ. ನನ್ನ ಜಡೆ ಹೆಣೆಯೋವಾಗ ಆ ಬೆರಳು ನೆಟ್ಟಗೆ ನಿಂತಿರ್ತಿತ್ತು. ಚಿಕ್ಕವಳಿದ್ದಾಗ ನಗ್ತಿದ್ದೆ ನಾನು.”

‘ಬಿಡು ಮಗಳೇ, ಆ ವಿಷಯ ಬಿಡು’ ಎಂದು ರಿಸ್ಟೋ ಪ್ರತಿ ಸಲವೂ ಮುಖ ತಿರುಗಿಸುತ್ತಿದ್ದುದು ಬೆರಿಲ್‌ಗೆ ನೆನಪಾಯಿತು. ಸೋತವನ ನಿರಾಸೆ ಅಂದುಕೊಂಡಿದ್ದಳು. ಅಲ್ಲ. ಅದು ಕಾವಲು.

ಆದರೆ ಮರುಕ್ಷಣವೇ ಅವಳಲ್ಲಿ ಬೇರೆ ಸಿಟ್ಟು ಎದ್ದಿತು. ಕುಡಿದ ಗಂಡಸೊಬ್ಬ ಹಾಲ್ ಹಿಂದೆ ಒಬ್ಬ ಹೆಂಗಸಿನ ತೋಳು ಹರಿಯುತ್ತಾನೆ. ಅವಳು ಕೈಗೆ ಸಿಕ್ಕಿದ್ದರಿಂದ ಹೊಡೆಯುತ್ತಾಳೆ. ಅದನ್ನು ಬಾಯಿಬಿಟ್ಟು ಹೇಳಿದರೆ ನಂಬುವ ಒಬ್ಬ ಮನುಷ್ಯನೂ ಆ ಊರಿನಲ್ಲಿಲ್ಲ ಎಂದು ಗಂಡ ಹೆಂಡತಿ ಇಬ್ಬರಿಗೂ ಗೊತ್ತಿತ್ತು. ಪ್ಲೇಟಿಗೇ ನಕ್ಕವರು ಇದಕ್ಕೆ ಸುಮ್ಮನಿರುತ್ತಿದ್ದರೇ?

“ಕೇಳು ಹುಡುಗಿ,” ಎಂದಳು ಬೆರಿಲ್. “ಇವನು ಹೇಳೋದು ನಿಜವೇ ಆಗಿದ್ದರೂ ನಿಮ್ಮಮ್ಮ ಮಾಡಿದ್ದು ಕೊಲೆ ಅಲ್ಲ. ತನ್ನನ್ನ ಉಳಿಸ್ಕೊಂಡಿದ್ದು. ಇದನ್ನ ಕೋರ್ಟಿಗೆ ತಗೊಂಡು ಹೋಗೋಣ. ನಿಮ್ಮಪ್ಪನ ಹೆಸರು ತೊಳೆದು ಹೋಗುತ್ತೆ.”

“ಅಮ್ಮನ ಹೆಸರಿಗೆ ಮೆತ್ತಿ?”

“ಅವಳು ಹೋಗಿಬಿಟ್ಟಿದ್ದಾಳೆ. ಅವನು ಇದ್ದಾನೆ.”

“ಅದನ್ನ ಅಪ್ಪನಿಗೆ ಹೇಳು ನೋಡೋಣ,” ಎಂದಳು ದಫಿನಾ. ಅವಳ ದನಿಯಲ್ಲಿ ಅಳುವಿರಲಿಲ್ಲ. “ಹದಿಮೂರು ವರ್ಷ, ಬೆರಿಲ್. ಪ್ರತಿ ಭಾನುವಾರ ಬಸ್ಸಲ್ಲಿ ಕೂತು ಜೈಲಿಗೆ ಹೋಗ್ತಿದ್ವಿ. ಅಮ್ಮ ಮಾತಾಡ್ತಿರಲಿಲ್ಲ, ಬರೀ ಅವನ ಕೈ ಹಿಡ್ಕೊಂಡು ಕೂತಿರ್ತಿದ್ದಳು. ಅವನು ನಗ್ತಿದ್ದ. ನಾನು ಅಂದ್ಕೊಂಡಿದ್ದೆ, ಪೆದ್ದ ನಮ್ಮಪ್ಪ, ಸಿಟ್ಟೇ ಬರಲ್ಲ ಇವನಿಗೆ ಅಂತ.”

ಅವಳು ಬೆಂಚಿನ ಹತ್ತಿರ ಹೋದಳು. ಬಟ್ಟೆ ಸುತ್ತದೆ, ಬರಿಗೈಯಲ್ಲೇ ಪ್ಲೇಟು ಎತ್ತಿಕೊಂಡಳು.

“ಕೆಳಗಿಡು,” ಎಂದಳು ಬೆರಿಲ್. “ದಫಿನಾ, ಅದನ್ನ ಕೆಳಗಿಡು. ಫೋಟೋ ಕೂಡ ತೆಗೆದಿಲ್ಲ ಇನ್ನೂ.”

“ನನ್ನ ಅಂಗಡಿ ಇದು.”

“ಅದಿಲ್ಲದೆ ನಿಮ್ಮಪ್ಪ ಕೊಲೆಗಾರನಾಗೇ ಸಾಯ್ತಾನೆ! ಗೊತ್ತಿದೆಯಾ ನಿನಗೆ?”

“ಗೊತ್ತಿದೆ. ಅವನಿಗೂ ಗೊತ್ತಿತ್ತು.”

ಬಣ್ಣ ಹೊಡೆಯುವ ಕೋಣೆಗೆ ಕಬ್ಬಿಣದ ಬಾಗಿಲು. ಬೆರಿಲ್ ಓಡಿದಳು. ಐವತ್ತು ದಾಟಿದ ಮಂಡಿ ಕೈಕೊಟ್ಟಿತು. ಅವಳು ತಲುಪುವ ಹೊತ್ತಿಗೆ ಒಳಗಿನಿಂದ ಚಿಲಕ ಬಿದ್ದಾಗಿತ್ತು.

“ಬಾಗಿಲು ತೆಗೆಯೇ! ದಫಿನಾ! ನನ್ನ ಮಾತು ಕೇಳು!” ಎಂದು ಎರಡು ಮುಷ್ಟಿಯಿಂದಲೂ ಬಡಿದಳು.

“ಬಿಟ್ಟುಬಿಡು ಅವಳನ್ನ,” ಎಂದ ಹಿಂದಿನಿಂದ ಕ್ಲೆಮ್.

“ನೀನು ಬಾಯಿ ಮುಚ್ಚು!”

ಒಳಗೆ ಏನೋ ಭಾರವಾದದ್ದನ್ನು ಮೇಜಿನ ಮೇಲಿಟ್ಟ ಸದ್ದಾಯಿತು. ಆಮೇಲೆ ಒಂದು ಸ್ವಿಚ್ಚು. ಬೆರಿಲ್‌ಳ ಅಂಗೈಯಡಿ ಬಾಗಿಲ ತಗಡು ನಡುಗತೊಡಗಿತು. ಗ್ರೈಂಡರಿನ ಚಕ್ರ ವೇಗ ಹಿಡಿದು, ಕಿರುಚಿ, ಕಬ್ಬಿಣವನ್ನು ಕಚ್ಚಿತು.